ಪಿಲಾತನ ಹೆಸರು

ಪ್ರಸಂಗ ಮಾಡುವ ಚಟ ನನಗೆ ಅಪ್ಪನಿಂದ ಬಂದದ್ದು. ಅವರು ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಉಪದೇಶಿಯಾಗಿದ್ದವರು. ಬಾಸೆಲ್ ಮಿಶನ್ ಕಾಲದಿಂದ ಇಳಿದುಬಂದ ಅವರ ಪ್ರಸಂಗಗಳಿಗೆ ಒಂದು ಗಟ್ಟಿ ಚೌಕಟ್ಟಿತ್ತು. ಮನುಷ್ಯ ಪಾಪಿ. ಪಾಪಕ್ಕೆ ಶಿಕ್ಷೆ ಆಗಲೇಬೇಕು. ದೇವರು ನ್ಯಾಯವಂತ, ಹಾಗಾಗಿ ಬಿಟ್ಟುಬಿಡುವಂತಿಲ್ಲ. ಪ್ರೀತಿಯುಳ್ಳವನು, ಹಾಗಾಗಿ ನಮ್ಮನ್ನು ಕೊಲ್ಲುವಂತಿಲ್ಲ. ಅದಕ್ಕೇ ನಮ್ಮ ಬದಲಿಗೆ ತನ್ನ ಮಗನನ್ನು ಶಿಲುಬೆಗೆ ಕೊಟ್ಟ. ಇಷ್ಟನ್ನು ಅಪ್ಪ ಯಾವ ವಚನದಿಂದ ಹೊರಟರೂ ಕಾಲು ಗಂಟೆಯೊಳಗೆ ಮುಟ್ಟುತ್ತಿದ್ದರು. ಕೇಂದ್ರ ಸರ್ಕಾರದ ನೌಕರಿ ಹಿಡಿದು ದೆಹಲಿಗೆ ಬಂದ ಮೇಲೆ ನಾನೂ ಅದನ್ನೇ ಕಲಿತೆ. ಮಯೂರ್ ವಿಹಾರದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಕನ್ನಡ ಪ್ರಾರ್ಥನಾ ಕೂಟ ಸೇರುತ್ತಿತ್ತು. ಫರೀದಾಬಾದಿನಿಂದ, ನೋಯ್ಡಾದಿಂದ, ಆರ್.ಕೆ. ಪುರಂ ಕ್ವಾರ್ಟರ್ಸಿನಿಂದ ಬಸ್ಸು ಬದಲಿಸಿ ಬದಲಿಸಿ ಜನ ಬರುತ್ತಿದ್ದರು. ಪಾಸ್ಟರರು ಇಲ್ಲದ ಕೂಟ. ಓದಲು ಬರೆಯಲು ಬಂದವಳು, ಬಾಯಿ ಇದ್ದವಳು, ಉಪದೇಶಿಯ ಮಗಳು ಎಂಬ ಕಾರಣಕ್ಕೆ ಪ್ರಸಂಗ ನನ್ನ ಪಾಲಿಗೆ ಬಂತು. ಹೆಂಗಸು ಪ್ರಸಂಗ ಮಾಡುವುದೇ ದೊಡ್ಡ ಕ್ರಾಂತಿ ಎಂದು ಆಗ ನಾನು ನಂಬಿದ್ದೆ.

1990ರ ದಶಕದ ಕೊನೆಯ ಒಂದು ಶುಭ ಶುಕ್ರವಾರ ನಾನು ಯೇಸುವಿನ ಬಲಿದಾನವನ್ನು ವಿವರಿಸಲು ಭಾಗೀರಥಿಯ ಕಥೆ ಹೇಳಿದೆ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಸೊಸೆಯನ್ನು ಹಾರ ಕೊಡಬೇಕೆಂದು ತೀರ್ಮಾನವಾಗಿ, ಹಿರಿಯಳನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೆಂದು ಲೆಕ್ಕ ಹಾಕಿ ಕಿರಿಯಳನ್ನು ಆರಿಸಿದ ಕಥೆ. ಕನ್ನಡ ಶಾಲೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗಾಗಿ ಒಬ್ಬಳು ಸದ್ದಿಲ್ಲದೆ ನೀರಿಗಿಳಿದಳಲ್ಲ, ಲೋಕಕ್ಕಾಗಿ ಕ್ರಿಸ್ತನೂ ಹಾಗೆಯೇ ಕುರಿಮರಿಯಂತೆ ಮೌನವಾಗಿ ನಡೆದ ಎಂದೆ. ಕೆಲವರು ಕಣ್ಣೊರೆಸಿಕೊಂಡರು. ನನಗೆ ಸಂತೋಷವಾಯಿತು. ಕಿಟೆಲ್ ಸಾಹೇಬರು 1872ರಲ್ಲಿ ಮಂಗಳೂರಿನಲ್ಲಿ ಯಜ್ಞದ ಮೇಲೆ ಕಿರುಹೊತ್ತಿಗೆ ಬರೆದು, ವೇದದ ಯಜ್ಞಕ್ಕೂ ಕ್ರಿಸ್ತನ ಬಲಿಗೂ ಸಂಬಂಧ ಜೋಡಿಸಲು ನೋಡಿದ್ದರು. ಅವರು ಸಂಸ್ಕೃತದಲ್ಲಿ ಹುಡುಕಿದ್ದನ್ನು ನಾನು ಜನಪದದಲ್ಲಿ ಹುಡುಕಿದೆ ಎಂಬ ಜಂಭ ಬೇರೆ.

ಅವತ್ತು ಎಲ್ಲರೂ ಹೋದ ಮೇಲೆ ಒಬ್ಬಾಕೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ಉಳಿದಳು. ಗದಗ ಕಡೆಯವಳು, ಮದುವೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಗಂಡ ಹೊಡೆಯುತ್ತಾನೆ ಎಂದಳು. ಎಲ್ಲಿ ಹೊಡೆಯುತ್ತಾನೆ, ಯಾವುದರಿಂದ ಹೊಡೆಯುತ್ತಾನೆ, ನಾನು ಕೇಳಲಿಲ್ಲ. ಶಿಲುಬೆ ಎಲ್ಲರಿಗೂ ಒಂದಿರುತ್ತದೆ, ಯೇಸು ಸ್ವಾಮಿ ಬೈದವರಿಗೆ ತಿರುಗಿ ಬೈಯಲಿಲ್ಲ, ನಿನ್ನ ತಾಳ್ಮೆ ನೋಡಿ ಅವನ ಮನಸ್ಸು ಕರಗುತ್ತದೆ, ಪ್ರಾರ್ಥನೆ ಮಾಡು ಎಂದೆ. ಅವಳ ತಲೆಯ ಮೇಲೆ ಕೈಯಿಟ್ಟು ಒಂದು ಒಳ್ಳೆಯ ಪ್ರಾರ್ಥನೆಯನ್ನೂ ಮಾಡಿದೆ. ಅವಳು ಹೂಂ ಎಂದು ಹೋದಳು. ಆ ಗಂಡ ನಮ್ಮ ಕೂಟದ ಹಾರ್ಮೋನಿಯಂ ವಾದಕ. ಆ ಹೊತ್ತಿಗೆ ಕೆಳಗೆ ಸ್ಕೂಟರ್ ಚಾಲೂ ಮಾಡಿಕೊಂಡು ಅವಳಿಗಾಗಿ ಕಾಯುತ್ತಿದ್ದ. ಮುಂದಿನ ತಿಂಗಳು ಅವನೇ ಬಾರಿಸಿದ, ನಾವು ಹಾಡಿದೆವು.

ಆಗ ಅವಳಿಗೆ ಕಾನೂನಿನ ದಾರಿಯೂ ಕಿರಿದಾಗಿತ್ತು ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆ 1869ರದ್ದು. ಅದರ 10ನೇ ಕಲಮಿನ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಿತ್ತು. ಹೆಂಡತಿಗಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಬರೀ ಹೊಡೆತಕ್ಕೆ ಬೇರೆ ವಾಸದ ಆದೇಶ ಸಿಗಬಹುದಿತ್ತು, ವಿಚ್ಛೇದನವಿಲ್ಲ. 1990ರ ದಶಕದಲ್ಲಿ ಕೇರಳ ಮತ್ತು ಬಾಂಬೆ ಹೈಕೋರ್ಟುಗಳು ಈ ತಾರತಮ್ಯವನ್ನು ತಳ್ಳಿಹಾಕಿದವು. ದೆಹಲಿಯಲ್ಲೇ ಜಾಯಿಂಟ್ ವಿಮೆನ್ಸ್ ಪ್ರೋಗ್ರಾಂನ ಜ್ಯೋತ್ಸ್ನಾ ಚಟರ್ಜಿ ಮೊದಲಾದವರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದರು. ಸಂಸತ್ತು ಕಾಯ್ದೆಯನ್ನು ತಿದ್ದಿದ್ದು 2001ರಲ್ಲಿ. ನನ್ನ ಕಚೇರಿಯಿಂದ ಸಂಸತ್ ಭವನಕ್ಕೆ ನಡೆದೇ ಹೋಗಬಹುದಿತ್ತು. ಅಲ್ಲೇ ಹತ್ತಿರದಲ್ಲಿ, ವೈಸರಾಯ್‌ಗಳ ಕಾಲದಲ್ಲಿ ಹೆನ್ರಿ ಮೆಡ್ ವಿನ್ಯಾಸ ಮಾಡಿದ ಕೆಥೆಡ್ರಲ್ ಚರ್ಚ್ ಆಫ್ ದಿ ರಿಡೆಂಪ್ಷನ್ ಇದೆ. ಕನ್ನಡದಲ್ಲಿ ವಿಮೋಚನೆಯ ದೇವಾಲಯ ಎನ್ನಬಹುದು. ಅಲ್ಲಿ ಮಧ್ಯಾಹ್ನದ ಹೊತ್ತು ಕೂತು ತಣ್ಣಗೆ ಪ್ರಾರ್ಥಿಸಿ ಬರುತ್ತಿದ್ದ ನನಗೆ, ಪಕ್ಕದ ಕಟ್ಟಡದಲ್ಲಿ ನನ್ನದೇ ಸಮುದಾಯದ ಹೆಂಗಸರ ವಿಮೋಚನೆಯ ಕಡತ ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಿರಲಿಲ್ಲ. ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು 1983ರಿಂದಲೇ ಇತ್ತು. ಅದನ್ನಾದರೂ ಹೇಳಬಹುದಿತ್ತು. ಕಡತ ಓದುವುದೇ ನನ್ನ ಹೊಟ್ಟೆಪಾಡಾಗಿತ್ತು, ನೋಡಿ.

ಅವಳು ಮುಂದೆ ಕೂಟಕ್ಕೆ ಬರುವುದನ್ನು ಬಿಟ್ಟಳು. ಊರಿಗೆ ಹೋದಳಂತೆ ಎಂದರು. ಬಹಳ ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ಒಂದು ಮದುವೆಯಲ್ಲಿ ಸಿಕ್ಕಳು. ನಾನು ಮಾತಾಡಿಸಿದೆ. ಅವಳು ಬಲಗಡೆಗೆ ಮುಖ ತಿರುಗಿಸಿ, ಈ ಕಡೆ ನಿಂತು ಮಾತಾಡ್ರಿ ಎಂದಳು. ಆಮೇಲೆ, ಸಿಟ್ಟಿಲ್ಲದೆ, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದಳು: "ನೀವು ಹೇಳಿದಂಗ ಮಾಡೀನ್ರಿ ಅಕ್ಕಾರ. ಅವರು ಬದಲಾಗಲಿಲ್ಲ. ಕಿವಿ ಹೋತು."

ಕ್ಷಮೆ ಕೇಳಬೇಕಿತ್ತು. ಕೇಳದೆ ಅವಳಿಗೆ ಊಟ ಬಡಿಸಲು ಓಡಾಡಿದೆ. ದೆಹಲಿಗೆ ಮರಳಿ ಓದಲು ಕೂತೆ. ಓದುಬರಹ ಬಲ್ಲವರಿಗೆ ಇದೊಂದು ಅನುಕೂಲ. ಮಾಡಬೇಕಾದ ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು ಗ್ರಂಥಾಲಯಗಳು ಬಾಗಿಲು ತೆರೆದೇ ಇರುತ್ತವೆ. ನಿವೃತ್ತಿಯೂ ಆಗಿತ್ತು. ಸಿವಿಲ್ ಲೈನ್ಸಿನ ರಾಜ್ ನಿವಾಸ್ ಮಾರ್ಗದಲ್ಲಿ ಯೇಸುಸಭೆಯವರ ವಿದ್ಯಾಜ್ಯೋತಿ ಧರ್ಮಶಾಸ್ತ್ರ ಕಾಲೇಜಿದೆ, 1972ರಲ್ಲಿ ಕುರ್ಸಿಯಾಂಗ್‌ನಿಂದ ದೆಹಲಿಗೆ ಬಂದದ್ದು. ಕಾಶ್ಮೀರಿ ಗೇಟಿನಲ್ಲಿ ಐಎಸ್‌ಪಿಸಿಕೆ ಪುಸ್ತಕದಂಗಡಿ. ಈ ಎರಡರ ನಡುವೆ ಓಡಾಡಿ, ಅಪ್ಪನ ಪ್ರಸಂಗದ ಚೌಕಟ್ಟಿಗೂ ವಯಸ್ಸಿದೆ, ಊರಿದೆ ಎಂದು ಕಂಡುಕೊಂಡೆ.

ಅದು ಬೈಬಲ್ಲಿನಿಂದ ನೇರವಾಗಿ ಉದುರಿದ್ದಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ರಾಜನೊಂದಿಗೆ ಜಗಳವಾಗಿ ದೇಶ ಬಿಟ್ಟಿದ್ದಾಗ, 1098ರ ಹೊತ್ತಿಗೆ ಇಟಲಿಯಲ್ಲಿ ಬರೆದು ಮುಗಿಸಿದ ಪುಸ್ತಕದಲ್ಲಿ ಅದರ ಬೇರಿದೆ. ಜಹಗೀರುದಾರರ ಕಾಲ ಅದು. ಒಡೆಯನ ಮಾನಕ್ಕೆ ಕುಂದು ತಂದವನು ಅದಕ್ಕೆ ತಕ್ಕ ಪರಿಹಾರ ತೆರಬೇಕು. ಪಾಪದಿಂದ ದೇವರ ಮಾನಕ್ಕೆ ಕುಂದಾಯಿತು. ತೆರಬೇಕಾದವನು ಮನುಷ್ಯ, ತೆರಬಲ್ಲವನು ದೇವರು. ಅದಕ್ಕೇ ದೇವರು ಮನುಷ್ಯನಾದ. ನಾಲ್ಕು ಶತಮಾನ ಕಳೆದ ಮೇಲೆ ಕಾನೂನು ಓದಿದ್ದ ಕ್ಯಾಲ್ವಿನನ ಕೈಯಲ್ಲಿ ಒಡೆಯನ ದರ್ಬಾರು ನ್ಯಾಯಾಲಯವಾಯಿತು, ಪರಿಹಾರವು ಶಿಕ್ಷೆಯಾಯಿತು. ಮಿಶನರಿಗಳ ಹಡಗಿನಲ್ಲಿ ಅದೇ ಮಂಗಳೂರಿಗೆ ಬಂತು, ಘಟ್ಟ ಹತ್ತಿತು, ಅಪ್ಪನ ಸೈಕಲ್ಲಿಗೆ ಏರಿತು.

ಇದಕ್ಕೆ ಹೆಂಗಸರು ಎತ್ತಿದ ತಕರಾರು ನನಗೆ ಗೊತ್ತೇ ಇರಲಿಲ್ಲ. 1960ರಲ್ಲಿ ವ್ಯಾಲರಿ ಸೇವಿಂಗ್ ಎಂಬ ಅಮೆರಿಕದ ವಿದ್ವಾಂಸೆ ಒಂದು ಲೇಖನ ಬರೆದಳು. ಧರ್ಮಶಾಸ್ತ್ರಜ್ಞರೆಲ್ಲ ಅಹಂಕಾರವೇ ಮೂಲಪಾಪ, ತನ್ನನ್ನು ಇಲ್ಲವಾಗಿಸಿಕೊಳ್ಳುವುದೇ ಮದ್ದು ಎನ್ನುತ್ತಾರೆ. ಇದು ಗಂಡಸಿನ ರೋಗಕ್ಕೆ ಬರೆದ ಚೀಟಿ. ಹೆಂಗಸಿನ ಕಾಯಿಲೆಯೇ ತನ್ನನ್ನು ಇಲ್ಲವಾಗಿಸಿಕೊಳ್ಳುವುದಾಗಿದ್ದರೆ ಅದೇ ಮದ್ದು ವಿಷವಾಗುತ್ತದೆ ಎಂಬುದು ಅವಳ ವಾದದ ತಿರುಳು. 1973ರಲ್ಲಿ ಮೇರಿ ಡೇಲಿ ಇನ್ನೂ ಮುಂದೆ ಹೋಗಿ, ಬಲಿಪಶುವಾದ ಕ್ರಿಸ್ತನನ್ನು ಹೆಂಗಸರಿಗೆ ಮಾದರಿಯಾಗಿ ನಿಲ್ಲಿಸುವುದೆಂದರೆ ಅವರನ್ನು ಬಲಿಪಶುಗಳಾಗಿಯೇ ಉಳಿಸುವ ಏರ್ಪಾಡು ಎಂದಳು. 1989ರಲ್ಲಿ ಜೋಆನ್ ಕಾರ್ಲ್‌ಸನ್ ಬ್ರೌನ್, ರೆಬೆಕ್ಕಾ ಪಾರ್ಕರ್ ಜೋಡಿ ಎಲ್ಲಕ್ಕಿಂತ ಕಟುವಾದ ಪ್ರಶ್ನೆ ಕೇಳಿತು: ಮಗನ ನೋವನ್ನು ತಂದೆಯೇ ಬಯಸಿದ ಎನ್ನುವುದಾದರೆ, ಮನೆಯಲ್ಲಿ ಮಕ್ಕಳನ್ನು ಹಿಂಸಿಸುವ ತಂದೆಗಿಂತ ಈ ದೇವರು ಹೇಗೆ ಬೇರೆ?

ಅವರ ಆ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಗವೂ ಅಲ್ಲ. ಆನ್ಸೆಲ್ಮನನ್ನು ಒಪ್ಪದವರು ಆಶ್ರಯಿಸುವ ಇನ್ನೊಂದು ದಾರಿ ಇದೆ. 12ನೇ ಶತಮಾನದ ಅಬೆಲಾರ್ಡನದು. ದೇವರಿಗೆ ರಕ್ತ ಬೇಕಿರಲಿಲ್ಲ, ಕ್ರಿಸ್ತ ನರಳಿದ್ದನ್ನು ಕಂಡು ನಮ್ಮ ಕಲ್ಲೆದೆ ಕರಗಲಿ ಎಂದೇ ಶಿಲುಬೆ ಎನ್ನುವ ಮೃದುವಾದ ವಾದ. ಉದಾರವಾದಿಗಳಿಗೆಲ್ಲ ಇದು ಇಷ್ಟ. ಬ್ರೌನ್ ಮತ್ತು ಪಾರ್ಕರ್ ಇದನ್ನೂ ಬಿಡಲಿಲ್ಲ. ಹೊಡೆಸಿಕೊಂಡವಳ ನೋವಿನಿಂದ ಹೊಡೆದವನು ತಿದ್ದಿಕೊಳ್ಳುತ್ತಾನೆ ಎಂದರೆ, ಅವನನ್ನು ತಿದ್ದುವ ಹೊಣೆಯನ್ನೂ ಅವಳ ಬೆನ್ನಿಗೇ ಹೇರಿದಂತೆ ಅಲ್ಲವೇ? ಅವನು ತಿದ್ದಿಕೊಳ್ಳದಿದ್ದರೆ ಅವಳು ಸಾಕಷ್ಟು ನರಳಲಿಲ್ಲ ಎಂದಾಯಿತು. ನಿನ್ನ ತಾಳ್ಮೆ ನೋಡಿ ಅವನ ಮನಸ್ಸು ಕರಗುತ್ತದೆ ಎಂದಿದ್ದೆನಲ್ಲ ನಾನು, ಅದು ಅಪ್ಪನ ಆನ್ಸೆಲ್ಮ್ ಕೂಡ ಆಗಿರಲಿಲ್ಲ. ನನಗೆ ಹೆಸರೇ ಗೊತ್ತಿಲ್ಲದ ಅಬೆಲಾರ್ಡ್. ಆ ಮಹಾಶಯ ತನ್ನ ಆತ್ಮಕಥೆಯಲ್ಲಿ, ಶಿಷ್ಯೆ ಎಲೋಯಿಸಳಿಗೆ ಪಾಠದ ನೆಪದಲ್ಲಿ ತಾನು ಕೊಡುತ್ತಿದ್ದ ಏಟುಗಳನ್ನು ಪ್ರೀತಿಯ ಏಟು ಎಂದು ತಾನೇ ಬರೆದುಕೊಂಡಿದ್ದಾನೆ ಎಂಬುದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಪಾರ್ಕರ್ ಮುಂದೆ ರೀಟಾ ನಾಕಾಶಿಮಾ ಬ್ರಾಕ್ ಜೊತೆ 'ಪ್ರಾವರ್ಬ್ಸ್ ಆಫ್ ಆಶಸ್' ಎಂಬ ಪುಸ್ತಕ ಬರೆದಳು. ಪಾದ್ರಿಯ ಮಾತು ನಂಬಿ ವರ್ಷಾನುಗಟ್ಟಲೆ ಏಟು ಸಹಿಸಿಕೊಂಡ ಒಬ್ಬ ಹೆಂಗಸು ಅದರಲ್ಲಿ ಬರುತ್ತಾಳೆ. ಪುಸ್ತಕ ಬಂದದ್ದು 2001ರಲ್ಲಿ, ನಮ್ಮ ಕಾಯ್ದೆ ತಿದ್ದಿದ ವರ್ಷವೇ. ನಾನು ಆ ಹೆಂಗಸಿನ ಮಾತು ಓದುವಾಗ ಪಾದ್ರಿಯ ಕುರ್ಚಿಯಲ್ಲಿ ಕೂತು ಓದುತ್ತಿದ್ದೆ.

ಇದು ಪಶ್ಚಿಮದ ಹೆಂಗಸರ ಗೋಳು, ನಮ್ಮದಲ್ಲ ಎಂದುಕೊಳ್ಳಲು ದಾರಿ ಇರಲಿಲ್ಲ. ಚೆನ್ನೈನ ಅರುಣಾ ಜ್ಞಾನದಾಸನ್ 1993ರಲ್ಲೇ 'ನೋ ಲಾಂಗರ್ ಎ ಸೀಕ್ರೆಟ್' ಬರೆದು, ಸಭೆಯೊಳಗಿನ ಮನೆಗಳಲ್ಲಿ ನಡೆಯುವ ಹಿಂಸೆಯನ್ನೂ ಸಭೆಯ ಮೌನವನ್ನೂ ಒಟ್ಟಿಗೆ ಮುಂದಿಟ್ಟಿದ್ದರು. ಇನ್ನೂ ಹಿಂದಕ್ಕೆ ಹೋದರೆ ಪಂಡಿತಾ ರಮಾಬಾಯಿ ಇದ್ದಾರೆ, ನಮ್ಮವರೇ. ಹುಟ್ಟಿದ್ದು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಕೆಂಗಣ್ಣಿಗೆ ಬಿದ್ದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ತಮ್ಮ ಮನಸ್ಸನ್ನು ಕ್ರಿಸ್ತನತ್ತ ಎಳೆದದ್ದು ಯಾವುದು ಎಂದು ಅವರು ಬರೆದಿದ್ದಾರೆ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ಸಮಾಜ ಕೈಬಿಟ್ಟ ಹೆಂಗಸರನ್ನು ಸನ್ಯಾಸಿನಿಯರು ಉಪಚರಿಸುವುದನ್ನು ಕಂಡು ಬೆರಗಾಗಿ, ಇದಕ್ಕೆ ಕಾರಣವೇನೆಂದು ಕೇಳಿದಾಗ ಅವರಿಗೆ ಓದಿ ಹೇಳಿದ್ದು ಸಮಾರ್ಯದ ಬಾವಿಕಟ್ಟೆಯ ಕಥೆ. ಯಾರೂ ಮಾತಾಡಿಸದ ಹೆಂಗಸಿನ ಜೊತೆ ಯೇಸು ಕೂತು ವಾದ ಮಾಡಿದ ಕಥೆ. ಗೊಲ್ಗೊಥಾಕ್ಕೆ ಅವರು ಆಮೇಲೆ ಬಂದರು. ಕೊನೆಗಾಲದಲ್ಲಿ ಶಿಲುಬೆಯನ್ನೂ ಗಟ್ಟಿಯಾಗಿಯೇ ಹಿಡಿದಿದ್ದರು. ಆದರೆ ಬಾಗಿಲು ಬಾವಿಕಟ್ಟೆಯದು. ಅಪ್ಪನ ಪ್ರಸಂಗಗಳಲ್ಲಿ ಆ ಬಾವಿ ಅಪರೂಪ.

ಇಷ್ಟು ಓದಿದ ಮೇಲೆ ನನಗೆ ಸುಮ್ಮನಿರಲು ಸಾಧ್ಯವೇ? ಚಟ. ಹೊಸ ಪ್ರಸಂಗ ತಯಾರಾಯಿತು.

ಡೆಲೋರೆಸ್ ವಿಲಿಯಮ್ಸ್ ಎಂಬ ಕಪ್ಪು ಧರ್ಮಶಾಸ್ತ್ರಜ್ಞೆ 1993ರ ತನ್ನ ಪುಸ್ತಕದಲ್ಲಿ ಹಾಗರಳ ಕಥೆ ಎತ್ತಿಕೊಳ್ಳುತ್ತಾಳೆ. ಅಬ್ರಹಾಮನ ಮನೆಯ ದಾಸಿ, ಯಜಮಾನಿಯ ಬದಲಿಗೆ ಬಸಿರಾದವಳು. ಗುಲಾಮಗಿರಿಯ ಕಾಲದಿಂದ ಕಪ್ಪು ಹೆಂಗಸರದು ಯಾವಾಗಲೂ ಬದಲಿ ಬದುಕು. ಬಿಳಿಯರ ಮಕ್ಕಳಿಗೆ ಹಾಲೂಡಿಸುವ, ಗಂಡಸರ ಬದಲು ಹೊಲ ಉಳುವ ಬದುಕು. ನಮ್ಮ ಬದಲಿಗೆ ಇನ್ನೊಬ್ಬ ಸತ್ತದ್ದೇ ರಕ್ಷಣೆ ಎಂದರೆ, ಈ ಬದಲಿತನಕ್ಕೇ ಪವಿತ್ರ ಮುದ್ರೆ ಒತ್ತಿದಂತಾಯಿತು. ರಕ್ಷಣೆಯನ್ನು ಯೇಸುವಿನ ಸಾವಿನಲ್ಲಿ ಹುಡುಕಬೇಡಿ, ಅವನು ಬದುಕಿದ ರೀತಿಯಲ್ಲಿ, ರೋಗಿಗಳನ್ನು ಮುಟ್ಟಿದ್ದರಲ್ಲಿ, ಹಸಿದವರಿಗೆ ಬಡಿಸಿದ್ದರಲ್ಲಿ ಹುಡುಕಿ ಎನ್ನುತ್ತಾಳೆ. ಇದನ್ನು ಓದುವಾಗ ನನಗೆ ಕಂಡದ್ದು ನಮ್ಮ ದೆಹಲಿ. ಗುಮ್ಲಾ, ಸಿಮ್ಡೇಗಾಗಳಿಂದ ಬಂದ ಉರಾಂವ್, ಮುಂಡಾ, ಖಡಿಯಾ ಹೆಣ್ಣುಮಕ್ಕಳು ತಮ್ಮ ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಇಲ್ಲಿ ಪರರ ಮಕ್ಕಳಿಗೆ ಟಿಫಿನ್ ಕಟ್ಟುತ್ತಾರೆ. ಅವರಲ್ಲಿ ಬಹಳ ಜನ ಕ್ರೈಸ್ತರು. 1845ರಲ್ಲಿ ರಾಂಚಿಗೆ ಬಂದ ಗೋಸ್ನರ್ ಮಿಶನ್ನಿನ ಲುಥೆರನ್ನರು, ಆಮೇಲಿನ ಕೆಥೊಲಿಕರು. ತಪಸ್ಸಿನ ದಿನಗಳಲ್ಲಿ ಗುರುಗ್ರಾಮದ ಚಕ್ಕರ್‌ಪುರದ ಒಂದು ಬಾಡಿಗೆ ಕೋಣೆಯಲ್ಲಿ ಇಂಥ ಹೆಂಗಸರ ಕೂಟವಿದೆ, ಬಂದು ಮಾತಾಡುತ್ತೀರಾ ಎಂದು ಪರಿಚಯದವರೊಬ್ಬರು ಕೇಳಿದರು. ಹಾಗರಳನ್ನು ಬಗಲಲ್ಲಿಟ್ಟುಕೊಂಡು ಹೊರಟೆ.

ನನ್ನ ಹಿಂದಿ ಸರ್ಕಾರದ ಪ್ರಬೋಧ, ಪ್ರವೀಣ, ಪ್ರಾಜ್ಞ ಪರೀಕ್ಷೆಗಳಲ್ಲಿ ಪಾಸಾದ ಹಿಂದಿ. ಅವರು ತಮ್ಮತಮ್ಮಲ್ಲಿ ಸಾದರಿ ಮಾತಾಡುವವರು. ಭಾನುವಾರ ಸಿಕ್ಕ ಎರಡು ಗಂಟೆ ಬಿಡುವಿನಲ್ಲಿ ಬಂದು, ನೆಲದ ಮೇಲೆ ಒತ್ತಿಕೊಂಡು ಕೂತಿದ್ದರು. ಗೋಡೆಯ ಮೇಲೆ ಒಂದು ಶಿಲುಬೆ, ಪ್ಲಾಸ್ಟಿಕ್ ಹೂವಿನ ಹಾರ. ನಾನು ಅದನ್ನೇ ತೋರಿಸಿ, ಇದನ್ನು ನಿಮಗೆ ಸಹಿಸಿಕೊಳ್ಳುವುದನ್ನು ಕಲಿಸಲು ಬಳಸಿದ್ದಾರೆ ಎಂದೆ. ದೇವರಿಗೆ ಯಾರ ರಕ್ತವೂ ಬೇಕಿಲ್ಲ ಎಂದೆ. ಪೇತ್ರನ ಮೊದಲ ಪತ್ರಿಕೆ, ಕ್ರಿಸ್ತನ ಹಾಗೆ ಅನ್ಯಾಯ ತಾಳಿಕೊಳ್ಳಿ ಎಂದು ಮೊದಲು ಮನೆಯ ಆಳುಗಳಿಗೆ ಹೇಳಿ, ಅದರ ಬೆನ್ನಿಗೇ ಹೆಂಡತಿಯರಿಗೆ ಬುದ್ಧಿ ಹೇಳುತ್ತದೆ ನೋಡಿ ಎಂದು ಓದಿ ತೋರಿಸಿದೆ. ಅವರು ಆಳುಗಳೂ ಹೌದು, ಹೆಂಡತಿಯರೂ ಹೌದು. ಈ ಮಾತಿಗೆ ಕೋಣೆ ಹೊತ್ತಿಕೊಳ್ಳುತ್ತದೆ ಎಂದುಕೊಂಡಿದ್ದೆ. ಹೊತ್ತಿಕೊಳ್ಳಲಿಲ್ಲ. ಕೆಲವರು ಸೆರಗು ಸರಿಮಾಡಿಕೊಂಡರು.

ಕೊನೆಗೆ ಒಬ್ಬಾಕೆ, ನಲವತ್ತರ ಆಸುಪಾಸಿನವಳು, ದೀದಿ, ಯೇಸುವನ್ನು ಹೊಡೆಸಿದ್ದು ಯಾರು ಎಂದು ಕೇಳಿದಳು. ಪರೀಕ್ಷೆ ಮಾಡುತ್ತಿದ್ದಾಳೆ ಎನಿಸಿತು. ರೋಮಿನ ಅಧಿಕಾರಿ ಪಿಲಾತ ಎಂದೆ. ಹೌದಲ್ಲ, ಅವನ ಹೆಸರನ್ನು ನಾವು ವಿಶ್ವಾಸಪ್ರಮಾಣದಲ್ಲಿ ಪ್ರತಿ ಭಾನುವಾರ ಹೇಳುತ್ತೇವೆ ಎಂದಳು. ಅವಳು ಒಂದು ಫ್ಲಾಟಿನಲ್ಲಿ ಕೆಲಸಕ್ಕಿದ್ದಾಗ ಮನೆಯವರು ಬಿಸಿ ಇಕ್ಕಳದಿಂದ ಕೈ ಸುಟ್ಟಿದ್ದರಂತೆ. ಠಾಣೆಯಲ್ಲಿ ಹೆಸರು ಬರೆದುಕೊಳ್ಳಲಿಲ್ಲ. ರಾಜಿ ಮಾಡಿಸಿ, ಬಾಕಿ ಸಂಬಳ ಕೊಡಿಸಿ ಕಳಿಸಿದರಂತೆ. "ನನ್ನನ್ನು ಸುಟ್ಟವರ ಹೆಸರು ಎಲ್ಲೂ ಇಲ್ಲ ದೀದಿ. ಯೇಸುವನ್ನು ಹೊಡೆಸಿದವನ ಹೆಸರನ್ನು ಇಡೀ ದುನಿಯಾ ಇವತ್ತಿಗೂ ಹೇಳುತ್ತದೆ. ಅದಕ್ಕೇ ನನಗೆ ಶಿಲುಬೆ ಬೇಕು. ನೀವು ಅದನ್ನು ಗೋಡೆಯಿಂದ ಇಳಿಸಿದರೆ ನನ್ನ ಕಡೆಯ ಸಾಕ್ಷ್ಯ ಯಾವುದು?"

ನಾನು ಓದಿದ ಯಾವ ಪುಸ್ತಕದಲ್ಲೂ ಇದು ಹೀಗೆ ಸಿಕ್ಕಿರಲಿಲ್ಲ. ಅಪ್ಪನ ಪ್ರಸಂಗದಲ್ಲಂತೂ ಪಿಲಾತ ಇದ್ದೂ ಇಲ್ಲದವನು. ಎಲ್ಲ ದೇವರ ಸಂಕಲ್ಪ, ಪಿಲಾತ ನೆಪಮಾತ್ರ. ಮೊದಲೇ ತಂದೆ ಮಗ ಮಾತಾಡಿಕೊಂಡ ಮೇಲೆ ಮೊಳೆ ಹೊಡೆದವನನ್ನು ಯಾರು ಕೇಳುತ್ತಾರೆ? ಕಲ್ಲನಕೇರಿಯಲ್ಲೂ ಅಷ್ಟೇ. ಕೆರೆಗೆ ನೀರು ಬಂತು. ಮಲ್ಲನಗೌಡನನ್ನು ಯಾರೂ ಕೇಳಲಿಲ್ಲ, ಹಿರಿಸೊಸೆ ಕಿರಿಸೊಸೆ ಎಂದು ಲೆಕ್ಕ ಹಾಕಿದವರನ್ನು ಯಾರೂ ಕೇಳಲಿಲ್ಲ. ಇನ್ನು ನನ್ನ ಸ್ತ್ರೀವಾದಿ ಪ್ರಸಂಗ? ಅದೂ ದೇವರ ಗುಣದೋಷ ವಿಚಾರಿಸಿತೇ ಹೊರತು ಪಿಲಾತನ ವಿಚಾರಣೆಗೆ ಕೂರಲಿಲ್ಲ. ಚಕ್ಕರ್‌ಪುರದ ಆ ಹೆಂಗಸು ಅದನ್ನು ಒಂದೇ ಪ್ರಶ್ನೆಯಲ್ಲಿ ಮಾಡಿದಳು. ಕಪ್ಪು ಹೆಂಗಸರ ಧರ್ಮಶಾಸ್ತ್ರದೊಳಗೇ ವಿಲಿಯಮ್ಸ್‌ಗೆ ಎದುರುಮಾತು ಇದೆ, 1998ರಲ್ಲಿ ಜೋಆನ್ ಟೆರೆಲ್ ಶಿಲುಬೆಯನ್ನು ಬಿಟ್ಟುಕೊಡಲಾರೆ ಎಂದು ಬರೆದಿದ್ದಾಳೆ ಎಂದು ಆಮೇಲೆ ತಿಳಿಯಿತು. ಮೊದಲೇ ಓದಿದ್ದರೂ ಕೋಣೆಯಲ್ಲಿ ಕೂತವರನ್ನು ಕೇಳುವ ಬುದ್ಧಿ ಬರುತ್ತಿತ್ತೋ ಇಲ್ಲವೋ. ಗದಗಿನವಳಿಗೆ ಅವತ್ತು ಶಿಲುಬೆ ಹೊರು ಎಂದೆ, ಇವಳಿಗೆ ಶಿಲುಬೆ ಬಿಸಾಕು ಎಂದೆ. ಎರಡು ಸಲವೂ ಉಪದೇಶ ಏಟು ತಿಂದವರಿಗೇ. ಹೊಡೆದವರಿಗೆ ನಾನು ಒಂದು ದಿನವೂ ಏನೂ ಹೇಳಿರಲಿಲ್ಲ. ಹಾರ್ಮೋನಿಯಂ ಬಾರಿಸುವವನು ಹಾಡಿಗೆ ಶ್ರುತಿ ಕೇಳಿದಾಗ ಶ್ರುತಿ ಹೇಳಿದ್ದೇ ನಮ್ಮಿಬ್ಬರ ಮಾತುಕತೆ.

ಅವನ ನಂಬರು ಹುಡುಕಿ ಫೋನ್ ಮಾಡಿದೆ. ಗುರುತು ಹಿಡಿದ, ಖುಷಿಪಟ್ಟ. ಈಗ ಒಂದು ಉಜ್ಜೀವನ ಸಭೆಯಲ್ಲಿದ್ದಾನಂತೆ, ಸಾಕ್ಷಿಯನ್ನೂ ಹೇಳುತ್ತಾನಂತೆ. ನಾನು ಹೆಂಡತಿಯ ಕಿವಿಯ ವಿಷಯ ತೆಗೆದೆ. ಅರೆಗಳಿಗೆ ಸುಮ್ಮನಿದ್ದು ಹೇಳಿದ: "ಅದೆಲ್ಲಾ ಯೇಸು ಸ್ವಾಮಿ ರಕ್ತದಾಗ ತೊಳದ ಹೋಗೇತ್ರಿ ಅಕ್ಕಾರ. ಹಳೇದು ಯಾಕ ತಗೀತೀರಿ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನೇ ಕಲಿಸಿದ ಪಾಠವನ್ನು ನನಗೆ ಒಪ್ಪಿಸುತ್ತಿದ್ದ. ಅವನಿಗೂ ದೇವರಿಗೂ ನಡುವೆ ಬಾಕಿ ಚುಕ್ತಾ ಆಗಿತ್ತು. ಆ ಲೆಕ್ಕದಲ್ಲಿ ಅವಳ ಕಿವಿಗೆ ಕಾಲಂ ಇರಲಿಲ್ಲ. ಬೈಬಲ್ಲಿನಲ್ಲಿ ಆ ಕಾಲಂ ಇದೆ, ನಾನು ಮತ್ತು ಅಪ್ಪ ಅದನ್ನು ಓದಿ ಮುಂದೆ ಹೋಗುತ್ತಿದ್ದೆವು ಅಷ್ಟೆ. ಯಾಜಕಕಾಂಡದ ಆರನೇ ಅಧ್ಯಾಯದಲ್ಲಿ, ನೆರೆಯವನಿಗೆ ಮೋಸ ಮಾಡಿದವನು ಪ್ರಾಯಶ್ಚಿತ್ತದ ಟಗರು ತರುವ ಮುನ್ನ ಕಸಿದುಕೊಂಡದ್ದನ್ನು ಅದರ ಐದನೇ ಒಂದು ಭಾಗ ಸೇರಿಸಿ ಹಿಂದಿರುಗಿಸಬೇಕು ಎಂದಿದೆ. ಮೊದಲು ನಷ್ಟ ತುಂಬು, ಆಮೇಲೆ ಬಲಿಪೀಠ. ಲೂಕನ ಸುವಾರ್ತೆಯ ಜಕ್ಕಾಯ ತೆರಿಗೆಯಲ್ಲಿ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ಕೊಡುತ್ತೇನೆ ಎಂದು ಎಲ್ಲರೆದುರು ನಿಂತು ಹೇಳಿದಾಗ, ಈ ಮನೆಗೆ ಇವತ್ತು ರಕ್ಷಣೆಯಾಯಿತೆಂದು ಯೇಸುವೇ ಸಾರುತ್ತಾನೆ. ಆಗಿನ್ನೂ ಶಿಲುಬೆ ಎದ್ದಿರಲಿಲ್ಲ. ಕಿವಿಯ ಚಿಕಿತ್ಸೆಗೆ ಅವಳ ತವರಿನವರು ಖರ್ಚು ಮಾಡಿದ್ದನ್ನು ನೀನು ಕೊಡಬೇಕು, ಆಮೇಲೆ ಸಾಕ್ಷಿ ಹೇಳು ಎಂದೆ. ಅವನು ಫೋನ್ ಇಟ್ಟ. ಮತ್ತೆ ಎತ್ತಲಿಲ್ಲ.

ಹುಬ್ಬಳ್ಳಿಗೆ ಹೋಗಿ ಅವಳಿಗೆ ಇದನ್ನು ಹೇಳಿದೆ. ನನ್ನ ಪಾಲಿನ ಕ್ಷಮೆಯನ್ನೂ ಕೇಳಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಅವರಿಗೆ ಫೋನ್ ಮಾಡಿದ್ರಲ್ಲ, ಅದು ಛಲೋ ಆತು ಎಂದಳು. ಅಷ್ಟೇ. ಶ್ರವಣಯಂತ್ರಕ್ಕೆ ನಾನು ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅದು ಕೊಡಬೇಕಾದವನು ಕೊಡಬೇಕಾದ ಹಣ.

ನಮ್ಮ ಕೂಟ ಈಗಲೂ ಸೇರುತ್ತದೆ, ಪ್ರಸಂಗ ಸರದಿಯ ಮೇಲೆ. ಬರುವ ಶುಭ ಶುಕ್ರವಾರ ಕರ್ನಾಟಕದಲ್ಲೋ ಕಾಸರಗೋಡಿನಲ್ಲೋ ದೆಹಲಿಯಲ್ಲೋ ಕನ್ನಡದಲ್ಲಿ ಏಳು ಮಾತುಗಳ ಧ್ಯಾನ ಮಾಡಲಿರುವ ಪಾಸ್ಟರರಲ್ಲಿ, ನನ್ನಂಥ ಹವ್ಯಾಸಿಗಳಲ್ಲಿ ಒಂದು ವಿನಂತಿ. ಸಹನೆಯ ಬಗ್ಗೆ ಮಾತಾಡುವ ಮುಂಚೆ ಎದುರು ಕೂತ ಗಂಡಸರ ಮುಖ ನೋಡಿ ಐದು ನಿಮಿಷ ಪಿಲಾತನ ಬಗ್ಗೆ ಮಾತಾಡಿ. ಯಾರಾದರೂ ಪಾತ್ರೆ ತೊಳೆಯುವ ನೆಪದಲ್ಲಿ ಹಿಂದೆ ಉಳಿದರೆ ತಲೆಯ ಮೇಲೆ ಕೈಯಿಡುವ ಮುಂಚೆ ಯಾರು, ಎಲ್ಲಿ, ಯಾವುದರಿಂದ ಎಂದು ಕೇಳಿ. ಆರಾಧನೆಯ ಸಮಯ ಬರೆಯುವ ಫಲಕದಲ್ಲಿ ಮಹಿಳಾ ಸಹಾಯವಾಣಿ 181 ಎಂದೂ ಬರೆಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಮಿನ ಪ್ರಕಾರ ಏಟು ತಿಂದವಳೇ ಬಂದು ದೂರಬೇಕೆಂದಿಲ್ಲ; ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ.